ಸೇಂಟ್ ಲೂಸಿಯಾದ ಕಡಲಿಗೆ ಇಳಿದದ್ದು

ಬ್ರಿಸ್ಬೇನಿನಲ್ಲಿ ನಾವಿರುವ ಬಡಾವಣೆಯ ಹೆಸರು ಸೇಂಟ್ ಲೂಸಿಯಾ. ಅದೇ ಹೆಸರಿನ ದ್ವೀಪವೊಂದು ಕೆರಿಬಿಯನ್ ಸಮುದ್ರದಲ್ಲಿದೆ ಎಂದು ಮಗಳು ಶಾಲೆಯಲ್ಲಿದ್ದಾಗಲೇ ಕಂಡುಹಿಡಿದು, ಎಂದಾದರೂ ಅಲ್ಲಿಗೆ ಹೋಗಲೇಬೇಕೆಂದು ಹಟ ಹಿಡಿದಿದ್ದಳು. ಓದು ಮುಗಿದು ಕೆಲಸಕ್ಕೆ ಸೇರುವ ಮುನ್ನ, ಕಳೆದ ವರ್ಷ, ನನ್ನನ್ನೂ ನನ್ನ ಗಂಡನನ್ನೂ ಹೊರಡಿಸಿಯೇಬಿಟ್ಟಳು. ವಿಮಾನದ ಮೇಲೆ ವಿಮಾನ ಬದಲಿಸಿ ಇಳಿದಾಗ ನನ್ನ ಕಾಲು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ.

ಮೊದಮೊದಲು ಎಲ್ಲ ಸುಖವಾಗಿತ್ತು. ಸಮುದ್ರದಿಂದ ನೆಟ್ಟಗೆ ಎದ್ದು ನಿಂತ ಎರಡು ಹಸಿರು ಶಿಖರಗಳನ್ನು ನೋಡಿದೆವು. ಬಿಸಿನೀರಿನ ಬುಗ್ಗೆಯ ಹತ್ತಿರ ಗಂಧಕದ ವಾಸನೆಯ ಬೂದು ಕೆಸರನ್ನು ಮೈಗೆಲ್ಲ ಮೆತ್ತಿಕೊಂಡೆವು. ಮನೆಯೊಳಗೆ ಯಾರಾದರೂ ಶೂ ಹಾಕಿಕೊಂಡು ಬಂದರೆ ಗದರುವ ನನ್ನ ಗಂಡ, ಅಲ್ಲಿ ಮೀಸೆಗೂ ಕೆಸರು ಹಚ್ಚಿಕೊಂಡು ಫೋಟೊ ತೆಗೆಸಿಕೊಂಡರು.

ಆಮೇಲೆ ಬಂತು ಸ್ನಾರ್ಕಲಿಂಗ್. ಬಾಯಲ್ಲಿ ಉಸಿರಿನ ಕೊಳವೆ ಕಚ್ಚಿಕೊಂಡು, ನೀರಿನ ಮೇಲೆ ತೇಲುತ್ತ ಕೆಳಗಿನದನ್ನು ನೋಡಬೇಕು. ನನಗೆ ಈಜು ಬಾರದು. ಚಿಕ್ಕವಳಿದ್ದಾಗ ಶ್ರೀರಂಗಪಟ್ಟಣದಲ್ಲಿ ಕಾಲು ಜಾರಿ ಕಾವೇರಿಗೆ ಬಿದ್ದ ಮೇಲೆ ಮೊಣಕಾಲಿಗಿಂತ ಆಳಕ್ಕೆ ಇಳಿದವಳೇ ಅಲ್ಲ. ದೋಣಿಯಲ್ಲೇ ಕೂತಿರುತ್ತೇನೆ ಎಂದೆ. ಮಗಳು ಒತ್ತಾಯಿಸಲಿಲ್ಲ. ಒಂದು ಸುತ್ತು ಹೋಗಿ ಬಂದು, ಕೆಳಗೆ ನೀಲಿ ಮೀನಿನ ಹಿಂಡೇ ಇದೆ, ನೀನೂ ನೋಡಿದ್ದರೆ ಚೆನ್ನಾಗಿತ್ತು ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದಳು. ಅವಳ ಮುಖ ನೋಡಿ ಮನಸ್ಸು ಕರಗಿತು. ಲೈಫ್ ಜಾಕೆಟ್ ತೊಟ್ಟು ಏಣಿ ಇಳಿದೆ.

ಮುಖ ನೀರಿಗಿಟ್ಟ ಕೂಡಲೇ ಕೊಳವೆ ಬಾಯಿಂದ ಜಾರಿ ಉಪ್ಪುನೀರು ಒಳಗೆ ನುಗ್ಗಿತು. ಕೈಕಾಲು ಬಡಿಯತೊಡಗಿದೆ. ದೋಣಿಯವನು ಏನೋ ಕೂಗುತ್ತಿದ್ದ, ಮಗಳೂ ಏನೋ ಹೇಳುತ್ತಿದ್ದಳು. ಇಷ್ಟು ವರ್ಷ ಆಫೀಸಿನಲ್ಲಿ ದಿನವೂ ಆಡಿದ ಇಂಗ್ಲಿಷ್ ಆಗ ನನ್ನ ತಲೆಗೇ ಹೋಗಲಿಲ್ಲ. ಮಗಳು ಹತ್ತಿರ ಬಂದು ಎರಡೂ ಕೈಯಿಂದ ನನ್ನ ಮುಖ ಹಿಡಿದಳು.

“ಅಮ್ಮ, ನನ್ನ ನೋಡು. ಮೆಲ್ಲಗೆ ಉಸಿರು ಬಿಡು. ನಾನು ಹಿಡ್ಕೊಂಡಿದೀನಿ, ನೀನು ಮುಳುಗಲ್ಲ.”

ನಾವು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಬೆಳೆದ ಹುಡುಗಿ ಅವಳು. ಅವಳು ಹೇಳಿದಂತೆ ಉಸಿರು ಬಿಟ್ಟೆ, ಮತ್ತೆ ಎಳೆದುಕೊಂಡೆ. ಸ್ವಲ್ಪ ಹೊತ್ತಿಗೆ ಕೈಕಾಲು ಬಡಿಯುವುದು ನಿಂತಿತು. ದೋಣಿಗೆ ವಾಪಸ್ ಹೋಗೋಣವಾ ಎಂದು ಕೇಳಿದಳು. ಬೇಡವೆಂದು ಕೊಳವೆಯನ್ನು ಮತ್ತೆ ಕಚ್ಚಿಕೊಂಡು ಮುಖ ತಗ್ಗಿಸಿದೆ. ಹಳದಿ ಪಟ್ಟೆಯ ಮೀನುಗಳು ನನ್ನ ಹೊಟ್ಟೆಯ ಕೆಳಗೇ ಹಾದುಹೋದವು. ಬೀಸಣಿಗೆಯಂಥ ನೇರಳೆ ಹವಳ ಅಲೆಗೆ ತಕ್ಕಂತೆ ಬಾಗುತ್ತಿತ್ತು. ಅಷ್ಟು ಹೊತ್ತೂ ಅವಳು ಕೈ ಬಿಡಲಿಲ್ಲ.

ದೋಣಿ ಹತ್ತಿದ ಮೇಲೆ ಅಳು ಬಂತು. ಗಂಡ ಗಾಬರಿಯಾಗಿ ಟವೆಲ್ ಹೊದಿಸಿದರು. ಅಷ್ಟು ಕನ್ನಡ ಎಲ್ಲಿಂದ ಬಂತೇ ಎಂದು ಮಗಳನ್ನು ಕೇಳಿದೆ. ನಾನು ಹೆದರಿದಾಗೆಲ್ಲ ನೀನು ಹಾಗೇ ಅಲ್ಲವಾ ಮಾತಾಡುತ್ತಿದ್ದುದು ಎಂದು ಇಂಗ್ಲಿಷಿನಲ್ಲೇ ಅಂದಳು, ತಲೆಗೂದಲು ಹಿಂಡಿಕೊಳ್ಳುತ್ತ.

ಈಗ ಅವಳು ಕೆಲಸಕ್ಕೆಂದು ಅಡಿಲೇಡಿನಲ್ಲಿದ್ದಾಳೆ. ನಾನು ಶನಿವಾರ ಬೆಳಿಗ್ಗೆ ಇಲ್ಲಿನ ಪೂಲಿನಲ್ಲಿ, ನನಗಿಂತ ಹಿರಿಯರಾದ ಹೆಂಗಸರ ಜೊತೆ ಈಜು ಕಲಿಯುತ್ತಿದ್ದೇನೆ. ಹೋದ ವಾರ ಯಾರ ಕೈಯನ್ನೂ ಹಿಡಿಯದೆ ಪೂಲಿನ ಈ ಅಂಚಿನಿಂದ ಆ ಅಂಚಿಗೆ ಮುಟ್ಟಿದೆ. ಒದ್ದೆ ಬಟ್ಟೆಯಲ್ಲೇ ನಿಂತು ಮಗಳಿಗೆ ಫೋನ್ ಮಾಡಿದೆ.