ಇಪ್ಸ್‌ವಿಚ್‌ನಿಂದ ಕಳಿಸಿದ ಎರಡನೇ ಲೋಡ್

ಬ್ರಿಸ್ಬೇನ್‌ನಲ್ಲಿ ಸಪ್ಲೈ ಚೈನ್ ಡಿಪ್ಲೊಮಾಗೆ ಸೇರಿದಾಗ ನನಗೆ ಮೂವತ್ತೆಂಟು ವರ್ಷ. ಮೈಸೂರಿನ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಗಣಿತ ಹೇಳಿಕೊಟ್ಟಿದ್ದೆ. ಗಂಡನ ವೀಸಾದಲ್ಲಿ ಇಲ್ಲಿಗೆ ಬಂದ ಮೇಲೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೋರ್ಸಿನ ಕೊನೆಗೆ ಹನ್ನೆರಡು ವಾರ ಕೆಲಸದ ಜಾಗದಲ್ಲೇ ತರಬೇತಿ. ನನ್ನನ್ನು ಇಪ್ಸ್‌ವಿಚ್‌ನ ಒಂದು ಸಾಗಣೆ ಕಂಪನಿಗೆ ಕಳಿಸಿದರು. ಯಾವ ಲೋಡು, ಯಾವ ಲಾರಿ, ಯಾವ ಡ್ರೈವರ್ ಎಂದು ಹೊಂದಿಸುವುದೇ ನಾನು ಕಲಿಯಬೇಕಿದ್ದ ಕೆಲಸ.

ಅಲ್ಲಿನ ಡ್ರೈವರುಗಳಲ್ಲಿ ಒಬ್ಬರು ಮಂಡ್ಯದ ಕಡೆಯವರು. ಐವತ್ತು ದಾಟಿದ್ದವರು. ನಾನು ಕನ್ನಡದಲ್ಲಿ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು ಆಫೀಸಿನ ಬಾಗಿಲಿಗೇ ಬಂದು ನಿಂತರು.

"ಏನಮ್ಮ, ಲಾರಿ ಹತ್ತಿರದಿಂದ ನೋಡಿದ್ದೀಯಾ, ಇಲ್ಲ ಬರೀ ಕಂಪ್ಯೂಟರಲ್ಲೇನಾ?"

"ಇಲ್ಲ ಅಂಕಲ್."

ಅಂದೇ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಲೋಡಿಗೆ ಬೆಲ್ಟ್ ಬಿಗಿಸಿ ತೋರಿಸಿದರು. ನಾನು ಎಳೆದದ್ದು ಸಡಿಲವಾಗಿತ್ತು. ಮೂರು ಸಲ ಬಿಚ್ಚಿಸಿ ಮತ್ತೆ ಕಟ್ಟಿಸಿದರು. "ಆಫೀಸಲ್ಲಿ ಕೂತು ನೀವು ಇದಕ್ಕೆ ಇಪ್ಪತ್ತು ನಿಮಿಷ ಅಂತ ಹಾಕ್ಬಿಡ್ತೀರ. ಮಳೇಲಿ ಇದು ಮುಕ್ಕಾಲು ಗಂಟೆ ಕೆಲಸ" ಎಂದರು. ಆಮೇಲಿನ ವಾರಗಳಲ್ಲಿ ತರಗತಿಯಲ್ಲಿ ಕಲಿಯದ್ದನ್ನೆಲ್ಲ ಅವರಿಂದ ಕಲಿತೆ. ಅವರ ಹೆಂಡತಿ ನನಗೂ ಒಂದು ಡಬ್ಬಿ ಚಿತ್ರಾನ್ನವೋ ಅವರೆಕಾಳು ಉಪ್ಪಿಟ್ಟೋ ಕಳಿಸತೊಡಗಿದರು.

ಹತ್ತನೇ ವಾರ, ಒಂದು ಗುರುವಾರ ಮಧ್ಯಾಹ್ನ, ಟೂವೂಂಬಾಗೆ ಹೊರಡಬೇಕಿದ್ದ ಡ್ರೈವರ್ ಹುಷಾರಿಲ್ಲವೆಂದು ಮನೆಗೆ ಹೋದ. ಮೇಲ್ವಿಚಾರಕ ನನ್ನ ಮೇಜಿನ ಬಳಿ ಬಂದು, "ಇದನ್ನ ನೀನೇ ಹೊಂದಿಸು. ಇದೇ ನಿನ್ನ ಅಸೆಸ್‌ಮೆಂಟ್ ಅಂದ್ಕೋ" ಎಂದ. ಪರದೆಯಲ್ಲಿ ನೋಡಿದೆ. ಅಂಕಲ್ ನಸುಕಿನಲ್ಲೇ ಕೆಲಸ ಶುರುಮಾಡಿ ಒಂದು ಲೋಡು ಮುಗಿಸಿದ್ದರು. ನಿಯಮದ ಪ್ರಕಾರ ಒಬ್ಬ ಡ್ರೈವರ್ ದಿನಕ್ಕೆ ಮಾಡಬಹುದಾದ ಕೆಲಸದಲ್ಲಿ ಅವರಿಗೆ ಇನ್ನೂ ಮೂರು ಗಂಟೆ ಬಾಕಿಯಿತ್ತು. ಹೋಗಿ ಬರಲು ಅಷ್ಟು ಸಾಕು. ಫೋನ್ ಮಾಡಿದೆ.

"ಯಾಕೋ ಇವತ್ತು ತುಂಬಾ ಸುಸ್ತು ಕಣಮ್ಮ. ಬೇರೆ ಯಾರೂ ಇಲ್ವಾ?"

ಇದ್ದರು. ಆದರೆ ಅವರನ್ನು ಒಪ್ಪಿಸಲು ಅರ್ಧ ದಿನ ಬೇಕಿತ್ತು. "ಪ್ಲೀಸ್ ಅಂಕಲ್. ಇದು ನನ್ನ ಅಸೆಸ್‌ಮೆಂಟು. ಇದೊಂದು ಸಲ."

"ಆಯ್ತು ಬಿಡು. ನಿನಗೋಸ್ಕರ ಹೋಗ್ಬರ್ತೀನಿ."

ಲೋಡು ಸರಿಯಾದ ಸಮಯಕ್ಕೆ ತಲುಪಿತು. ಖಾಲಿ ಲಾರಿಯಲ್ಲಿ ವಾಪಸಾಗುವಾಗ ನೇರ ರಸ್ತೆಯಲ್ಲಿ ಗಾಡಿ ಪಕ್ಕಕ್ಕೆ ಸರಿದು ಮರಕ್ಕೆ ಡಿಕ್ಕಿ ಹೊಡೆಯಿತು. ಬ್ರೇಕ್ ಹಾಕಿದ ಗುರುತೇ ಇರಲಿಲ್ಲವಂತೆ. ಅವರ ಜೀವ ಉಳಿಯಿತು. ಬೆನ್ನುಮೂಳೆ ಮುರಿದು ಸೊಂಟದ ಕೆಳಗಿನ ಸ್ವಾಧೀನ ಹೋಯಿತು.

ಕಂಪನಿಯ ವಿಚಾರಣೆಯಲ್ಲಿ ಅವರು ಸುಸ್ತು ಎಂದದ್ದನ್ನು ನಾನು ಮುಚ್ಚಿಡಲಿಲ್ಲ. ಎದುರಿಗೆ ಕೂತಿದ್ದವನು ಕೇಳಿದ: "ಹೋಗಲ್ಲ ಅಂದ್ರಾ?"

"ಹಾಗೆ ಅನ್ನಲಿಲ್ಲ."

ಅವನು ಅದನ್ನಷ್ಟೇ ಬರೆದುಕೊಂಡ. "ಗಂಟೆ ಎಲ್ಲಾ ಸರಿ ಇದೆ, ನಿನ್ನ ತಪ್ಪೇನೂ ಇಲ್ಲ" ಎಂದು ಮೇಲ್ವಿಚಾರಕ ನನ್ನ ಅಸೆಸ್‌ಮೆಂಟ್ ಹಾಳೆಗೆ ಸಹಿ ಹಾಕಿದ. ನಾನು ಪಾಸಾದೆ.

ಆಸ್ಪತ್ರೆಗೆ ಹೋಗಲು ಒಂಬತ್ತು ದಿನ ತಡಮಾಡಿದೆ. ಅವರ ಹೆಂಡತಿ ನನ್ನನ್ನು ನೋಡಿದ್ದು ಅದೇ ಮೊದಲು. ಕೈ ಹಿಡಿದು ಕೂರಿಸಿ, "ಅಷ್ಟು ದಣಿದೋರನ್ನ ಯಾರಮ್ಮ ಕಳಿಸಿದ್ದು? ಇವರನ್ನ ಕೇಳಿದ್ರೆ ಬಾಯೇ ಬಿಡಲ್ಲ" ಎಂದರು.

ಅಂಕಲ್ ಹಾಸಿಗೆಯಿಂದ ನನ್ನ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದರು.

"ನಾನೇ ಆಂಟಿ" ಎಂದೆ.

ಆಂಟಿ ಹಿಡಿದಿದ್ದ ನನ್ನ ಕೈ ಬಿಟ್ಟರು. ಕೂಗಾಡಲಿಲ್ಲ. ಗಂಡನ ಹೊದಿಕೆ ಸರಿಮಾಡುತ್ತಾ, ನನ್ನ ಮುಖ ನೋಡದೆ, "ಇನ್ನು ಬರ್ಬೇಡಮ್ಮ" ಎಂದರು.

ನಾನು ಮತ್ತೆ ಹೋಗಲಿಲ್ಲ. ಅವರ ಮಾತಿಗೆ ಬೆಲೆ ಕೊಟ್ಟು ಹೋಗಲಿಲ್ಲ ಎಂದು ಬಹಳ ದಿನ ಹೇಳಿಕೊಂಡೆ; ನಿಜಕ್ಕೂ ನನಗೆ ಅದರಿಂದ ಹಗುರಾಗಿತ್ತು. ಮರುವರ್ಷ ಅಡಿಲೇಡ್‌ನ ಸ್ಯಾಲಿಸ್‌ಬರಿಯಲ್ಲಿ, ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸ ಸಿಕ್ಕಿತು. ಅದೇ ಡಿಪ್ಲೊಮಾ ನೋಡಿ ಕೊಟ್ಟ ಕೆಲಸ.