ಇದರ ಮುಖ ಯಾವ ಕಡೆ?

ಬುರುಲ್ಚಾ ಟೀಚರ್ ನಾಲಿಗೆ ಬಲು ಚುರುಕು. ನಾರಿನ್ ಕಣಿವೆಯ ಹಳ್ಳಿ ಶಾಲೆಯಲ್ಲಿ ಬಹಳ ವರ್ಷಗಳಿಂದ ಪಾಠ ಹೇಳುತ್ತಿದ್ದಳು. ಮಕ್ಕಳೂ ದೊಡ್ಡವರೂ ಅವಳನ್ನು ‘ಎಜೆ’, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಅಕ್ಕ ಅನ್ನಿಸಿಕೊಂಡವಳು ಆಡಬಾರದ ಮಾತನ್ನು ಹೋದ ವಾರ ಆಡಿಬಿಟ್ಟಿದ್ದಳು.

ಎರಡನೇ ತರಗತಿಯ ಜಿಪಾರ್ ಅಕ್ಷರಗಳನ್ನು ತಿರುವುಮುರುವು ಬರೆಯುತ್ತಿದ್ದಳು. ಬಲಕ್ಕೆ ಮುಖ ಮಾಡಬೇಕಾದದ್ದು ಎಡಕ್ಕೆ ತಿರುಗಿ ನಿಲ್ಲುತ್ತಿತ್ತು. ಎಷ್ಟು ತಿದ್ದಿಸಿದರೂ ಅಷ್ಟೇ. ಅದರ ಮೇಲೆ, ಇದರ ಮುಖ ಯಾವ ಕಡೆ ಎಂದು ಬೇರೆ ಕೇಳುತ್ತಿದ್ದಳು. ತರಗತಿಯೆಲ್ಲ ನಗುತ್ತಿತ್ತು, ಬುರುಲ್ಚಾಳಿಗೆ ಅದು ಕುಚೋದ್ಯವೆನಿಸುತ್ತಿತ್ತು. ಕೊನೆಗೆ ತಾಯಿ ಕಾಲಿಯಾಳನ್ನು ಕರೆಸಿ, ಇವಳ ತಲೆಗೆ ಏನೂ ಹತ್ತುವುದಿಲ್ಲ, ಮನೆಯಲ್ಲಿಟ್ಟುಕೊಂಡು ಉಣ್ಣೆ ಹಾಸಿನ ಕೆಲಸ ಕಲಿಸು ಎಂದಳು. ಸಿಟ್ಟಿನಲ್ಲಿ ಅಂದದ್ದು. ಕಾಲಿಯಾ ನಿಜವೆಂದೇ ತಿಳಿದಳು. ಮರುದಿನದಿಂದ ಜಿಪಾರಳ ಜಾಗ ಖಾಲಿ.

ಆ ಜಾಗ ಕಂಡಾಗಲೆಲ್ಲ ಬುರುಲ್ಚಾಳಿಗೆ ತಾನಾಡಿದ ಮಾತೇ ನೆನಪಾಗುತ್ತಿತ್ತು. ಶನಿವಾರ ತಡೆಯಲಾರದೆ ಅವರ ಮನೆಗೆ ಹೋದಳು.

ಕಾಲಿಯಾ ಚಹಾ, ರೊಟ್ಟಿ ತಂದಿಟ್ಟಳು. ಜಗಳವಾಡಲಿಲ್ಲ. “ನೀವು ಹೇಳ್ದಂಗೇ ಮಾಡಿದೀನಿ ಎಜೆ. ಕೈ ಚೆನ್ನಾಗಿದೆ ಅವಳ್ದು.”

ಜಿಪಾರ್ ನೆಲದ ಮೇಲೆ ಕೂತು, ಕೆಂಪು ಕಪ್ಪು ಉಣ್ಣೆಯ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಚೂರಿಯಿಂದ ಟಗರಿನ ಕೊಂಬಿನ ಆಕಾರ ಕೊಯ್ಯುತ್ತಿದ್ದಳು. ಕೆಂಪು ಕೊಂಬು ಕಪ್ಪಿನ ತೂತಿನಲ್ಲಿ ಕೂತಿತು, ಕಪ್ಪು ಕೊಂಬು ಕೆಂಪಿನದರಲ್ಲಿ. ಇನ್ನೊಂದನ್ನು ಮಗುಚಿ ಹಾಕಿದಳು, ಎಡಕ್ಕಿದ್ದದ್ದು ಬಲಕ್ಕಾಯಿತು. ಆದರೂ ಕೊಂಬು ಕೊಂಬೇ. ಈ ಮನೆಯ ಮಗುವಿಗೆ ಯಾವ ಆಕಾರಕ್ಕೂ ತಪ್ಪು ಮುಖವೆಂಬುದಿಲ್ಲ. ಅವಳು ಕೇಳಿದ್ದು ಕುಚೋದ್ಯವಲ್ಲ, ಬರೀ ಪ್ರಶ್ನೆ. ಬುರುಲ್ಚಾಳೂ ಅಂಥದೇ ಹಾಸಿನ ಮೇಲೆ ಮಲಗಿ ಬೆಳೆದವಳು. ನಾಚಿಕೆಯಿಂದ ಅವಳ ಮುಖ ಕೆಂಪಾಯಿತು.

ಬುರುಲ್ಚಾ ಉಳಿದ ಉಣ್ಣೆಯ ಚೂರಿನಲ್ಲಿ ಒಂದು ಅಕ್ಷರ ಕೊಯ್ದು, ಅದರ ಬೆನ್ನಿನ ಅಂಚಿಗೆ ಹಳದಿ ನೂಲಿನ ಹೊಲಿಗೆ ಹಾಕಿದಳು.

“ನಮ್ಮ ತರಗತೀಲಿ ಬಾಗಿಲು ಎಡಕ್ಕಿದೆಯಲ್ಲ? ಈ ಅಕ್ಷರ ಯಾವಾಗ್ಲೂ ಬಾಗಿಲಿಗೆ ಬೆನ್ನು ಹಾಕ್ಕೊಂಡು ನಿಲ್ಲುತ್ತೆ.”

ಜಿಪಾರ್ ಹೊಲಿಗೆಯ ಮೇಲೆ ಬೆರಳಾಡಿಸಿ, ಅಕ್ಷರವನ್ನು ಮಗುಚಿ, ಮತ್ತೆ ಸರಿಯಾಗಿ ಇಟ್ಟಳು.

“ಇಷ್ಟೇನಾ? ಮತ್ತೆ ನಾನು ಕೇಳ್ದಾಗ ಯಾಕೆ ಹೇಳ್ಲಿಲ್ಲ ಎಜೆ?”

ಬುರುಲ್ಚಾ ಮಗುವಿನ ತಾಯಿಯ ಕಡೆ ತಿರುಗಿದಳು.

“ತಲೆಗೆ ಹತ್ತದೇ ಇದ್ದದ್ದು ನನಗೆ, ಕಾಲಿಯಾ. ಸೋಮವಾರ ಕಳಿಸ್ತೀಯಾ?”

ಕಾಲಿಯಾ ಮಗಳ ಮುಂದಿದ್ದ ಚೂರಿ ಎತ್ತಿಟ್ಟು, ಮೂಲೆಯಲ್ಲಿದ್ದ ಶಾಲೆಯ ಚೀಲ ತಂದು ಅವಳ ಕೈಗೆ ಕೊಟ್ಟಳು.