ಪೈಪಿನ ಬಾಯಿಗೆ ಕಟ್ಟಿದ ಅರಿವೆ

ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಾಕಿದವರ ಮನೆಗೆ ಹೋದರೆ ನಾನು ಈಗಲೂ ಅದಕ್ಕೆ ಬೆನ್ನು ಮಾಡಿ ಕೂರುತ್ತೇನೆ. ಅವರು ಚಹಾ ಕೊಟ್ಟು, "ಮೀನ ಹೆಂಗ ಅದಾವ ನೋಡ್ರಿ" ಎಂದರೆ "ಚಲೋ ಅದಾವ್ರಿ" ಎಂದು ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ. ಮೀನಿನ ಮೇಲೆ ನನಗೆ ಸಿಟ್ಟಿಲ್ಲ. ಹೇಸಿಗೆ ನನ್ನ ಮೇಲೆಯೇ. ಅದರ ಪೂರ್ತಿ ಕಥೆಯನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ಗೋಕಾಕದಲ್ಲಿ ನಮ್ಮದು ಪೈಪು, ಪಂಪು, ಹನಿ ನೀರಾವರಿ ಸಾಮಾನಿನ ಅಂಗಡಿ ಇತ್ತು. ಅಂಗಡಿಯ ಹಿಂದಿನ ಓಣಿಯಲ್ಲೇ ಮನೆ. ಮನೆಯಲ್ಲಿ ನಾನು, ಹೆಂಡತಿ, ಅವ್ವ. ಜೈನರ ಮನೆ ಎಂದಮೇಲೆ ಹೊತ್ತು ಮುಳುಗುವ ಮೊದಲೇ ಊಟ, ನೀರು ಸೋಸದೆ ಕುಡಿಯುವ ಮಾತಿಲ್ಲ. ಅವ್ವನ ಸೋಸುವಿಕೆ ಊರಿನ ಉಳಿದವರ ಹಾಗೆ ಕಾಟಾಚಾರದ್ದಲ್ಲ. ಅಂಗಳದ ಬಾವಿಯಿಂದ ಸೇದಿದ ನೀರನ್ನು ಎರಡು ಪದರದ ಬಿಳಿ ಅರಿವೆಯಲ್ಲಿ ಸೋಸುವಳು. ಆಮೇಲೆ ಆ ಅರಿವೆಯನ್ನು ತಿರುವಿ, ಸೋಸಿದ ನೀರಿನಲ್ಲೇ ಜಾಲಾಡಿಸಿ, ಜಾಲಾಡಿಸಿದ ನೀರನ್ನು ಕೊಡಕ್ಕೆ ಹಾಕಿ ಬಾವಿಯ ನೀರು ಮುಟ್ಟುವ ತನಕ ಹಗ್ಗ ಇಳಿಸಿ ಬಿಡುವಳು. ಮೇಲಿನಿಂದ ಸುರಿದರೆ ಅರಿವೆಯಲ್ಲಿ ಸಿಕ್ಕ ಸಣ್ಣ ಜೀವಗಳಿಗೆ ಪೆಟ್ಟಾಗುತ್ತದಂತೆ. ನಾನು ಸಣ್ಣವನಿದ್ದಾಗಿನಿಂದ ಇದನ್ನು ನೋಡಿ ನೋಡಿ, ನೋಡುವುದನ್ನೇ ಬಿಟ್ಟಿದ್ದೆ.

ಮಾಲು ತರಲು ಮುಂಬಯಿಗೆ ಹೋದಾಗ ಒಬ್ಬ ಡೀಲರನ ಕಚೇರಿಯಲ್ಲಿ ಸಮುದ್ರದ ಮೀನಿನ ಪೆಟ್ಟಿಗೆ ನೋಡಿದೆ. ಕೇಸರಿ ಮೈಗೆ ಬಿಳಿ ಪಟ್ಟೆಯ ಮೀನುಗಳು, ಹೂವಿನ ಹಾಗೆ ಅರಳಿ ಮುಚ್ಚುವ ಹವಳ. ನನಗೆ ಹುಚ್ಚು ಹಿಡಿಯಿತು. ಗೋಕಾಕದಲ್ಲಿ ಯಾರ ಮನೆಯಲ್ಲೂ ಇಲ್ಲದ್ದು ನಮ್ಮ ಮನೆಯಲ್ಲಿರಬೇಕು ಎನ್ನುವ ಹುಚ್ಚು ಅದು, ಸಮುದ್ರದ ಪ್ರೀತಿ ಏನೂ ಅಲ್ಲ. ಅಲ್ಲಿಯ ಸಾಕುಮೀನಿನ ಅಂಗಡಿಯವನು ಹವಳವನ್ನು ಒಳಗಿನ ಕೋಣೆಯಿಂದ, ಪೇಪರು ಸುತ್ತಿದ ಡಬ್ಬಿಯಲ್ಲಿ ತಂದು ಕೊಟ್ಟ. ಕದ್ದು ಮಾರುವ ಮಾಲು ಎಂದು ತಿಳಿಯಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ನಾನು ಏನೂ ಕೇಳಲಿಲ್ಲ. ಮೀನಿನ ಆಹಾರದ ಡಬ್ಬಿಯ ಮೇಲೆ ಒಣ ಸಿಗಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. "ಇವಕ್ಕ ತಿನ್ನಾಕ ಏನ ಹಾಕ್ತಿಯೋ?" ಎಂದು ಅವ್ವ ಕೇಳಿದಾಗ ಹಿಟ್ಟು ಎಂದೆ. ಸಿಗಡಿಯ ಪುಡಿಯನ್ನು ನಾಲ್ಕು ತಲೆಮಾರಿನಲ್ಲಿ ಮೊದಲ ಸಲ ಆ ಮನೆಯ ಹೊಸ್ತಿಲು ದಾಟಿಸಿದವನು ನಾನು.

ಪಡಸಾಲೆಯಲ್ಲಿ ನಾಲ್ಕು ಫೂಟಿನ ಪೆಟ್ಟಿಗೆ ಕೂತಿತು. ಬಂದವರು ಬಾಯಿ ತೆರೆದು ನೋಡಿದರು. ಚಾಕರಿ ಆಮೇಲೆ ಶುರುವಾಯಿತು. ವಾರಕ್ಕೆ ಎರಡು ಕೊಡದಷ್ಟು ಹಳೆಯ ನೀರು ತೆಗೆದು ಹೊಸ ಉಪ್ಪುನೀರು ಹಾಕದಿದ್ದರೆ ಆ ಜೀವಗಳ ಹೊಲಸೇ ಅವಕ್ಕೆ ವಿಷ. ನಳದ ನೀರು ನಡೆಯುವುದಿಲ್ಲ, ಬಾವಿಯ ನೀರು ಗಡಸು. ಮೂಡಲಗಿಯಲ್ಲಿ ನಮ್ಮ ಸಂಬಂಧಿಕರೊಬ್ಬರು ಬ್ಯಾಟರಿಗೆ ಹಾಕುವ ಶುದ್ಧ ನೀರು ತಯಾರಿಸುತ್ತಿದ್ದರು. ಪ್ರತಿ ರವಿವಾರ ಅಲ್ಲಿಂದ ಕ್ಯಾನು ತಂದು, ಮುಂಬಯಿಯ ಉಪ್ಪಿನ ಪುಡಿ ಕಲಸಬೇಕು. ಹಳೆಯ ನೀರು ತೆಗೆಯಲು ಪೈಪಿನ ತುದಿ ಬಾಯಲ್ಲಿ ಹಿಡಿದು ಉಸಿರು ಎಳೆಯಬೇಕು. ಎಷ್ಟು ಹುಷಾರಾಗಿ ಎಳೆದರೂ ವಾರಕ್ಕೊಂದು ಗುಟುಕು ಬಾಯಿಗೆ ಬರುತ್ತಿತ್ತು. ಕೊಳೆತ ತತ್ತಿಗೆ ಉಪ್ಪು ಹಾಕಿದ ರುಚಿ. ದಿನವಿಡೀ ಏಲಕ್ಕಿ ಅಗಿದರೂ ಹೋಗುತ್ತಿರಲಿಲ್ಲ.

ಒಂದು ರವಿವಾರ ನಾನು ಹಳೆಯ ನೀರಿನ ಬಕೆಟ್ಟನ್ನು ಗಟಾರಕ್ಕೆ ಒಯ್ಯುವಾಗ ಅವ್ವ ತಡೆದಳು. ಚಷ್ಮಾ ಹಾಕಿಕೊಂಡು ಬಕೆಟ್ಟಿನ ಮೇಲೆ ಬಗ್ಗಿದಳು. ನೀರಿನಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಚಿಮ್ಮುತ್ತಿದ್ದವು.

"ಇದರಾಗ ಜೀವ ಅದಾವಲ್ಲೋ."

"ಅವು ಹುಳಾ ಬೇ. ಸಮುದ್ರದ ನೀರಾಗ ಇರತಾವ."

"ಗಟಾರಕ್ಕ ಹಾಕಿದ್ರ ಬದುಕ್ತಾವೇನು? ಸೋಸು. ಸೋಸಿ ಮತ್ತ ಪೆಟ್ಟಿಗ್ಯಾಗ ಬಿಡು. ಎಲ್ಲಿಂದ ತಗದಿ ಅಲ್ಲೇ ಹೋಗಬೇಕು." ಚಷ್ಮಾ ತೆಗೆದು ಅಂದಳು, "ಇವತ್ತಿನಿಂದ ನಂದು ನೇಮ. ಈ ನೀರ ಸೋಸಿದ ಮ್ಯಾಲೇ ನಾ ಸಂಜಿ ಊಟಾ ಮಾಡಾಕಿ."

ಅವಳ ನೇಮ ಎಂದರೆ ಕಲ್ಲಿನ ಗೆರೆ. ಹೊತ್ತು ಮುಳುಗುವುದರೊಳಗೆ ಸೋಸದಿದ್ದರೆ ಆ ದಿನ ಉಪವಾಸ ಮಲಗುವವಳೇ. ಮೂರು ನಾಲ್ಕು ತಿಂಗಳು ಸೋಸಿದೆ. ಅರಿವೆಗೆ ಮೂಗಿನ ಸಿಂಬಳದಂಥ ಲೋಳೆ ಅಂಟುವುದು. ಅದನ್ನು ಜಾಲಾಡಿಸಿ ಮತ್ತೆ ಪೆಟ್ಟಿಗೆಗೆ ಬಿಡುವಾಗ ನಾನು ಮುಖ ಆಚೆ ತಿರುಗಿಸುತ್ತಿದ್ದೆ. ಬಾಗಿಲಲ್ಲಿ ನಿಂತ ಹೆಂಡತಿ, "ಮೀನಕ್ಕ ಜಳಕಾ ಮಾಡಸ್ತೀರಿ, ಒಂದಿನಾ ಅತ್ತಿಯವರನ್ನ ಬಸದಿಗೆ ಕರಕೊಂಡು ಹೋಗಾಕ ಆಗೂದಿಲ್ಲ ನೋಡ್ರಿ ನಿಮಗ" ಎಂದು ನಗುವಳು.

ಉಪಾಯ ಅಂಗಡಿಯಲ್ಲೇ ಇತ್ತು. ಪೆಟ್ಟಿಗೆಯ ಮೇಲಿನ ಅಟ್ಟದಲ್ಲಿ ಹೊಸ ಉಪ್ಪುನೀರಿನ ದೊಡ್ಡ ಡ್ರಮ್ಮು ಇಟ್ಟೆ. ಅದರಿಂದ ಒಂದು ಡ್ರಿಪ್ಪಿನ ನಳಿಕೆ, ನಡುವೆ ಕರೆಂಟಿನ ವಾಲ್ವು, ಅದಕ್ಕೆ ಟೈಮರು. ದಿನಾ ಸಂಜೆ ನಾಲ್ಕರಿಂದ ಐದರ ತನಕ ಹನಿ ಹನಿಯಾಗಿ ನಾಲ್ಕು ಲೀಟರು ಬೀಳುವುದು. ಪೆಟ್ಟಿಗೆಯ ಗಾಜಿಗೆ ಮೇಲಂಚಿನ ಹತ್ತಿರವೇ ತೂತು ಕೊರೆಸಿ ಪೈಪು ಕೂಡಿಸಿದೆ. ಮೇಲೆ ಎಷ್ಟು ಬಿತ್ತೋ ಅಷ್ಟೇ ಹಳೆಯ ನೀರು ಈ ತೂತಿನಿಂದ ಹೊರಬಿದ್ದು, ಗೋಡೆಯೊಳಗೆ ಹಾದು, ಮನೆಯ ಹಿಂದಿನ ಗಟಾರಕ್ಕೆ ಹೋಗುವುದು. ಬಾಯಿ ಹಚ್ಚುವುದಿಲ್ಲ, ಬಕೆಟ್ಟಿಲ್ಲ, ಅರಿವೆಯಿಲ್ಲ. ತುಕ್ಕಾನಟ್ಟಿಯ ಗಿರಾಕಿಗಳು ಕಬ್ಬಿನ ಡ್ರಿಪ್ಪು ಕೊಳ್ಳಲು ಬಂದವರು ಮನೆಗೆ ಬಂದು ಇದನ್ನೂ ನೋಡಿ ಹೋದರು. ನನ್ನ ಎದೆ ಉಬ್ಬಿತು.

ಅವ್ವನಿಗೆ ಹೇಳಿದೆ, "ಒಳಗ ಜಾಳಗಿ ಕೂಡ್ರಿಸೇನಿ ಬೇ. ತಾನ ಸೋಸತೈತಿ, ತಾನ ಒಳಗ ಬಿಡತೈತಿ."

ಜಾಳಿಗೆ ಇರಲಿಲ್ಲ. ಪೈಪು ಗೋಡೆಯೊಳಗೆ ಹೋಗಿದ್ದರಿಂದ ಅವಳಿಗೆ ಕಾಣುವಂತಿರಲಿಲ್ಲ. ಖರೆ ಹೇಳಬೇಕೆಂದರೆ ಅದಕ್ಕೇ ಗೋಡೆ ಕೊರೆಸಿದ್ದು.

ದಿನಾ ಐದೂವರೆಗೆ ಅಂಗಡಿಯಿಂದ ಚಹಾಕ್ಕೆ ಬಂದಾಗ ಅವ್ವ ಕೇಳುವಳು, "ಸೋಸೇತೇನೋ?"

"ಸೋಸೇತಿ ಬೇ."

ಆಮೇಲೆ ತಾಟು ಮುಂದೆ ಎಳೆದುಕೊಳ್ಳುವಳು. ಮೊದಮೊದಲು ನನಗೆ ಆ ಹೊತ್ತಿಗೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಹದಿನೈದು ದಿನಕ್ಕೆ ರೂಢಿಯಾಯಿತು. ಕೆಲವು ತಿಂಗಳ ಮೇಲೆ ಅವಳು ಸಂಜೆ ಹಿತ್ತಲಿಗೆ ಒಂದು ತಂಬಿಗೆ ಹಿಡಿದು ಹೋಗಿ ಬರುವುದು ಕಂಡಿತ್ತು. ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಾಳೆ ಅಂದುಕೊಂಡಿದ್ದೆ.

ಏಪ್ರಿಲ್ ಬಿಸಿಲಿನಲ್ಲಿ ಹುಕ್ಕೇರಿಯಲ್ಲಿ ಹೆಂಡತಿಯ ತಮ್ಮನ ಮದುವೆ. ನಾಲ್ಕು ದಿನ ಮೂವರೂ ಹೋಗುವುದೆಂದು ನಿಶ್ಚಯ. ಹೊರಡುವ ಮುಂಜಾನೆ ಹಿತ್ತಲ ಬಾಗಿಲಿಗೆ ಕೀಲಿ ಹಾಕಲು ಹೋದವನು ಗಟಾರದ ಕಡೆ ನೋಡಿದೆ. ನನ್ನ ಪೈಪಿನ ಬಾಯಿಗೆ ಎರಡು ಪದರದ ಬಿಳಿ ಅರಿವೆ, ದಾರ ಸುತ್ತಿ ಅಚ್ಚುಕಟ್ಟಾಗಿ ಕಟ್ಟಿತ್ತು. ಅವ್ವನ ಗಂಟು ನನಗೆ ಗೊತ್ತು.

ಅವಳಿಗೆ ಎಲ್ಲ ತಿಳಿದಿತ್ತು. ನಾನು ಸೋಸೇತಿ ಎನ್ನುವುದಕ್ಕೆ ಮೊದಲೇ ಅವಳು ಗಟಾರದ ದಂಡೆಗೆ ಕೂತು ಸೋಸಿ, ಜಾಲಾಡಿಸಿ, ತಂಬಿಗೆಯಲ್ಲಿ ತಂದು ಪೆಟ್ಟಿಗೆಗೆ ಬಿಟ್ಟು, ಏನೂ ಅರಿಯದವಳ ಹಾಗೆ ನನ್ನನ್ನು ಕೇಳುತ್ತಿದ್ದಳು. ನಾನು ನಿಜ ಹೇಳಲಿ ಎಂದು ದಿನಾ ಒಂದು ಅವಕಾಶ ಕೊಡುತ್ತಿದ್ದಳೇನೋ. ಆದರೆ ಆ ಹೊತ್ತಿಗೆ ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ನಾಲ್ಕು ದಿನ ಊರಲ್ಲಿರುವುದಿಲ್ಲ, ಬಿಚ್ಚಿದರೆ ಜೀವಗಳು ಗಟಾರಕ್ಕೆ ಹೋಗುತ್ತವೆ, ಬಂದ ಮೇಲೆ ಜಾಲಾಡಿಸಿದರಾಯಿತು ಎಂದು ಅವಳು ಹಾಗೇ ಬಿಟ್ಟಿದ್ದಳು. ಅವಳಿಗೆ ಪೈಪಿನ ವಿಷಯ ಏನು ಗೊತ್ತು? ನನಗೆ ಗೊತ್ತಿತ್ತು. ಪೈಪಿನ ಬಾಯಿಗೆ ಅರಿವೆ ಕಟ್ಟಬೇಡ್ರಿ, ದಿನಾ ತೊಳೀದಿದ್ರ ಕಟಗೊಳ್ಳತೈತಿ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಬಿಚ್ಚಲು ಒಂದು ನಿಮಿಷ ಸಾಕಿತ್ತು. ಬಿಚ್ಚಿದರೆ ನಾನು ನೋಡಿದೆ ಎಂದಾಗುತ್ತದೆ, ನೋಡಿದರೆ ಜಾಳಿಗೆಯ ಮಾತು ಬರುತ್ತದೆ. ಹೊರಗೆ ಹೆಂಡತಿ "ಬಸ್ಸು ತಪ್ಪತೈತ್ರಿ" ಎಂದು ಕೂಗಿದಳು. ಕೀಲಿ ಹಾಕಿ ಹೋದೆ.

ನಾಲ್ಕನೆಯ ದಿನ ಮಧ್ಯಾಹ್ನ ಬಂದು ಬಾಗಿಲು ತೆಗೆದಾಗ ಹೆಂಡತಿ ಅಲ್ಲೇ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡಳು. ಅರಿವೆ ಲೋಳೆ ಕಟ್ಟಿ, ಉಪ್ಪು ಒಣಗಿ ಹಪ್ಪಳವಾಗಿತ್ತು. ನೀರಿಗೆ ಹೊರದಾರಿ ಸಿಗದೆ ಪೆಟ್ಟಿಗೆ ತುಂಬಿ, ಗಾಜಿನ ಮೇಲಿನಿಂದ ಇಳಿದು, ಕೆಳಗಿದ್ದ ಸ್ವಿಚ್ ಬೋರ್ಡಿಗೆ ಹೊಕ್ಕು ಫ್ಯೂಜು ಹಾರಿಸಿತ್ತು. ಮೀನಿಗೆ ಉಸಿರು ಕೊಡುವ ಗಾಳಿ ಪಂಪು ನಿಂತು ಹತ್ತಿರ ಎರಡು ದಿನ ಆಗಿರಬೇಕು. ನೀರು ಹಾಲು ಒಡೆದ ಹಾಗೆ ಬೆಳ್ಳಗಾಗಿತ್ತು. ಮೀನುಗಳು ಹೊಟ್ಟೆ ಉಬ್ಬಿ ಮೇಲೆ ತೇಲುತ್ತಿದ್ದವು, ಕಣ್ಣಿನ ಜಾಗದಲ್ಲಿ ಬರೀ ತೂತು. ಹವಳ ಕರಗಿ ಬೂದು ಲೋಳೆಯಾಗಿ ಕಲ್ಲಿನಿಂದ ಜೋತಾಡುತ್ತಿತ್ತು. ನೊಣಗಳು ಗಾಜಿಗೆ ಮುತ್ತಿ ಕಪ್ಪು ಮಾಡಿದ್ದವು. ಆ ವಾಸನೆ ಗೋಡೆಯಿಂದ ಹೋಗಲು ಎರಡು ಸಲ ಸುಣ್ಣ ಬಳಿಯಬೇಕಾಯಿತು.

ನಾನು ಹಿತ್ತಲಿಗೆ ಓಡಿ ಅರಿವೆ ಕಿತ್ತು ತಂದು ಅವ್ವನ ಕಾಲ ಮುಂದೆ ಒಗೆದೆ.

"ನೋಡು. ಇವನ್ನೆಲ್ಲಾ ಕೊಂದದ್ದು ನಿನ್ನ ಅರಿವಿ."

ಆಗ ತಾನೇ ಮೊದಲ ಸಲ ಅದನ್ನು ಕಂಡವನ ಹಾಗೆ ಮುಖ ಮಾಡಿಕೊಂಡು ಹೇಳಿದೆ. ಜಾಳಿಗೆಯ ಸುಳ್ಳಿನ ಬಗ್ಗೆ ಅವಳು ಒಂದು ಮಾತು ಎತ್ತಲಿಲ್ಲ. ಅರಿವೆ ಎತ್ತಿಕೊಂಡು ಬಿಡಿಸಿ ನೋಡಿದಳು.

"ಎಷ್ಟಿದ್ದುವೋ?" ಎಂದಳು.

"ಯಾರಿಗೆ ಗೊತ್ತು? ಸಾವಿರ ಇರಬೇಕು."

ಮರುದಿನ ಬಸದಿಗೆ ಹೋಗಿ ಬಂದು ಹೆಂಡತಿಗೆ ಹೇಳಿದಳು, "ನನ್ನ ಪಲ್ಯಾ, ಸಾರು ಬ್ಯಾರೆ ತಗದಿಡವಾ. ನಾ ಉಪ್ಪ ಬಿಟ್ಟೇನಿ. ಉಪ್ಪಿನ ನೀರಿನ ಜೀವ ನನ್ನ ಕೈಯಾಗ ಹೋದುವು."

ನಾನು ಅಲ್ಲೇ ಕೂತು ಉಪ್ಪು ಹಾಕಿದ ಸಾರು ಸುರಿಯುತ್ತಿದ್ದೆ. ಇನ್ನೊಂದು ಸೌಟು ಹಾಕಿಸಿಕೊಂಡೆ.

ಸುಮಾರು ಎರಡು ವರ್ಷ ಹಾಗೇ ನಡೆಯಿತು. ಉಪ್ಪಿಲ್ಲದ ರೊಟ್ಟಿ, ಉಪ್ಪಿಲ್ಲದ ಬೇಳೆ. ಬೇಸಿಗೆಯಲ್ಲಿ ಅವಳಿಗೆ ತಲೆ ಸುತ್ತುವುದು, ಕಾಲು ಸೆಳೆಯುವುದು. ಡಾಕ್ಟರು ಸ್ವಲ್ಪವಾದರೂ ಉಪ್ಪು ತಿನ್ನಿರಿ ಎಂದರೆ ನಕ್ಕು ಎದ್ದು ಬರುವಳು. ಒಂದು ದಿನ ಘೋಡಗೇರಿಯ ರೈತನೊಬ್ಬ ಕಟ್ಟಿಹೋದ ಪೈಪು ಹಿಡಿದು ಅಂಗಡಿಗೆ ಬಂದ. ಕಸ ಬರಬಾರದೆಂದು ಬಾಯಿಗೆ ಹಳೆಯ ಧೋತರ ಕಟ್ಟಿದ್ದನಂತೆ. ನಾನು ಬಾಯಿಗೆ ಬಂದಂತೆ ಬೈದೆ. ಅವನು ಸಮಾಧಾನದಿಂದ ಕೇಳಿಸಿಕೊಂಡು, "ಅಲ್ರಿ ಸಾವಕಾರ್ರ, ಮೊನ್ನೆ ನೀವು ನಮ್ಮ ಹೊಲಕ್ಕ ಬಂದಾಗ ನೋಡಿದ್ರಲ್ಲಾ. ಆಗ ಯಾಕ ಬಿಚ್ಚು ಅನ್ನಲಿಲ್ಲ?" ಎಂದ. ಹೊಸ ಪೈಪು ಕೊಟ್ಟು ಕಳಿಸಿದೆ.

ಅಂದು ಸಂಜೆ ಅವ್ವ ಉಣ್ಣಲು ಕೂತಾಗ ಎದುರು ಕೂತು ಎಲ್ಲ ಹೇಳಿದೆ. ಹೊರಡುವ ಮುಂಜಾನೆ ಅರಿವೆ ನೋಡಿದ್ದು, ಕಟ್ಟಿಕೊಳ್ಳುತ್ತದೆಂದು ತಿಳಿದೂ ಬಿಚ್ಚದಿದ್ದದ್ದು. ಇನ್ನು ಉಪ್ಪು ತಿನ್ನು ಬೇ ಎಂದು ಉಪ್ಪಿನ ಬಟ್ಟಲು ಅವಳ ಕಡೆ ಸರಿಸಿದೆ. ಅವಳು ಕೈಯಲ್ಲಿದ್ದ ತುತ್ತು ಮುಗಿಸಿದಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ಬಟ್ಟಲನ್ನು ಎತ್ತಿ ಕೂತಲ್ಲಿಂದ ಇಬ್ಬರ ಕೈಗೂ ಸಿಗದ ಗೂಡಿನಲ್ಲಿಟ್ಟು ಬಂದಳು.

"ಹಂಗಾರ ಪಾಪ ಇಬ್ಬರದೂ ಐತಿ. ನೀನೂ ಬಿಡು."

ಆಯಿತು ಎಂದೆ. ಅವತ್ತು ನಿಜವಾಗಿಯೂ ಬಿಡುವ ಮನಸ್ಸಿತ್ತು. ಮೂರು ದಿನ ಬಿಟ್ಟೆ. ಉಪ್ಪಿಲ್ಲದ ಬದನೆಕಾಯಿ ಪಲ್ಯ ಬಾಯಲ್ಲಿ ಒದ್ದೆ ಕಾಗದದಂತೆ ಆಗುತ್ತಿತ್ತು. ನಾಲ್ಕನೆಯ ದಿನ ವಸೂಲಿಗೆಂದು ಹುಕ್ಕೇರಿಗೆ ಹೋದವನು ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲಿ ಕೂತು, ತಾಟಿನಲ್ಲಿ ಬಂದದ್ದನ್ನೆಲ್ಲ ತಿಂದು, ಉಪ್ಪಿನಕಾಯಿಯನ್ನು ಎರಡನೆಯ ಸಲ ಬೇಡಿ, ಬೆರಳು ನೆಕ್ಕಿದೆ. ಬಾಯಿ ಮುಕ್ಕಳಿಸಿ ಮನೆಗೆ ಬಂದೆ.

"ಹೊರಗ ಏನೂ ತಿಂದಿಲ್ಲಲ್ಲೋ?" ಎಂದಳು ಅವ್ವ.

"ಇಲ್ಲ ಬೇ."

ಆಮೇಲೆ ತಾಟು ಮುಂದೆ ಎಳೆದುಕೊಂಡಳು.

ಅವಳು ಇನ್ನೂ ಐದು ವರ್ಷ ಬದುಕಿದಳು. ಅಷ್ಟು ದಿನವೂ ಮನೆಯಲ್ಲಿ ನಾನು ಅವಳ ಬಾಜೂ ಕೂತು ಸಪ್ಪೆ ಉಂಡೆ, ಹೊರಗೆ ಹೋದಲ್ಲಿ ಉಪ್ಪು ತಿಂದೆ. ಈ ಸಲ ಅವಳು ಯಾವ ಪೈಪಿನ ಬಾಯಿಯನ್ನೂ ಹುಡುಕಲಿಲ್ಲ, ನನ್ನ ಮಾತನ್ನೇ ನಂಬಿದಳು. ಬಸದಿಯಲ್ಲಿ ಯಾರಾದರೂ, ಈ ವಯಸ್ಸಿನಾಗ ಉಪ್ಪಿಲ್ಲದ ಹೆಂಗ ಇರ್ತೀರಿ ಎಂದು ಕೇಳಿದರೆ ನನ್ನ ಕಡೆ ಕೈ ಮಾಡಿ, "ನಂದೇನ ದೊಡ್ಡದ್ರಿ, ನನ್ನ ಮಗಾನೂ ಬಿಟ್ಟಾನ" ಎನ್ನುವಳು. ನಾನು ಕೈಮುಗಿದು ನಿಲ್ಲುತ್ತಿದ್ದೆ.